ಒಂದು ಆಟ, ಎರಡು ಚೆಂಡು

ಆಟಗಳ ನಿಯಮಾವಳಿಯನ್ನು ಬಿಡುವಿನ ವೇಳೆಯಲ್ಲಿ ಒಮ್ಮೆ ಓದಿ ನೋಡಬೇಕು. ಮನುಷ್ಯ ತನ್ನ ವಿನೋದಕ್ಕೂ ಎಷ್ಟೊಂದು ಮುಂದಾಲೋಚನೆಯಿಂದ ಬೇಲಿ ಕಟ್ಟಿಕೊಂಡಿದ್ದಾನೆಂಬುದು ಅಲ್ಲಿ ಕಾಣುತ್ತದೆ. ಅಮೆರಿಕದ ಬೇಸ್‌ಬಾಲ್ ಆಟದ ನಿಯಮಗಳು ಈ ವಿಷಯದಲ್ಲಿ ಯಾವ ಧರ್ಮಶಾಸ್ತ್ರಕ್ಕೂ ಕಡಿಮೆಯವಲ್ಲ. ಎಸೆದ ಚೆಂಡು ಅಂಪೈರರ ಮುಖವಾಡದಲ್ಲಿ ಸಿಕ್ಕಿಕೊಂಡರೆ ಏನು, ಪ್ರೇಕ್ಷಕನೊಬ್ಬ ಕೈಚಾಚಿ ಅದನ್ನು ತಡೆದರೆ ಏನು, ಓಡುತ್ತಿರುವವನ ಮೈಗೆ ತಗುಲಿದರೆ ಏನು—ಎಲ್ಲಕ್ಕೂ ವಿಧಿಯುಂಟು, ಎಲ್ಲಕ್ಕೂ ಪ್ರಾಯಶ್ಚಿತ್ತವುಂಟು. ಆದರೆ ಈ ಎಲ್ಲ ವಿಧಿಗಳಿಗೂ ತಳಪಾಯವಾಗಿ, ಹೇಳದೆಯೇ ಎಲ್ಲರೂ ಒಪ್ಪಿಕೊಂಡ ಮಾತೊಂದಿದೆ. ಒಂದು ಹೊತ್ತಿಗೆ ಆಟದಲ್ಲಿರುವುದು ಒಂದೇ ಚೆಂಡು ಎಂಬ ಮಾತು ಅದು. ಬ್ಯಾಟು ಹಿಡಿದವನು, ಎಸೆಯುವವನು, ಓಡುವವನು, ತೀರ್ಪು ಕೊಡುವವನು, ಗ್ಯಾಲರಿಯಲ್ಲಿ ಕುಳಿತವನು, ಎಲ್ಲರ ಕಣ್ಣೂ ಆ ಒಂದೇ ಚೆಂಡಿನ ಮೇಲೆ ನೆಟ್ಟಿರುವುದರಿಂದಲೇ ಆಟವೆಂಬುದು ಆಟವಾಗಿದೆ.

1959ನೆಯ ಇಸವಿಯ ಜೂನ್ 30ರ ಮಧ್ಯಾಹ್ನ, ಷಿಕಾಗೋ ನಗರದ ರಿಗ್ಲಿ ಮೈದಾನದಲ್ಲಿ, ಹೇಳದೆ ಒಪ್ಪಿಕೊಂಡ ಈ ಮಾತು ಕೆಲವು ಗಳಿಗೆಗಳ ಮಟ್ಟಿಗೆ ತಪ್ಪಿಹೋಯಿತು. ಆ ಗಳಿಗೆಗಳ ಕಥೆಯನ್ನೂ, ಅದರ ಹೊಣೆ ಕೊನೆಗೆ ಯಾರ ಹೆಗಲ ಮೇಲೆ ಬಂದು ಕುಳಿತಿತೆಂಬುದನ್ನೂ ಇಲ್ಲಿ ಹೇಳುವುದಿದೆ.

ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದಾಯಾದಿಯಂತಿರುವ ಆಟ. ವಿಕೆಟ್ಟುಗಳ ಬದಲಿಗೆ ಇಲ್ಲಿ ನಾಲ್ಕು ನೆಲೆಗಳಿವೆ. ಚೌಕಾಕಾರದ ಅಂಗಳದ ನಾಲ್ಕು ಮೂಲೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ 90 ಅಡಿ ಅಂತರದಲ್ಲಿ ಇವು ಇರುತ್ತವೆ. ಬ್ಯಾಟುಗಾರ ಮನೆನೆಲೆಯಲ್ಲಿ ನಿಂತು ಹೊಡೆಯುತ್ತಾನೆ. ಮೊದಲನೆಯ, ಎರಡನೆಯ, ಮೂರನೆಯ ನೆಲೆಗಳನ್ನು ಸುತ್ತಿ ಮನೆಗೆ ಮರಳಿದರೆ ಒಂದು ರನ್ನು. ನೆಲೆಯಿಂದ ನೆಲೆಗೆ ಹೋಗುವಾಗ ಚೆಂಡು ಹಿಡಿದ ಎದುರಾಳಿ ಅವನನ್ನು ಮುಟ್ಟಿದರೆ ಅವನು ಔಟು. ಎಸೆಯುವವನಿಗೆ ಪಿಚರ್ ಎಂದೂ, ಬ್ಯಾಟುಗಾರನ ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತು ಹಿಡಿಯುವವನಿಗೆ ಕ್ಯಾಚರ್ ಎಂದೂ ಹೆಸರು. ಕ್ಯಾಚರನ ಬೆನ್ನಿಗೇ ಮುಖ್ಯ ಅಂಪೈರರು ನಿಲ್ಲುತ್ತಾರೆ. ಹೊಡೆಯಲು ನಿಲುಕದ ಕೆಟ್ಟ ಎಸೆತಗಳು ನಾಲ್ಕಾದವೆಂದರೆ, ಬ್ಯಾಟುಗಾರ ಹೊಡೆಯದೆಯೇ ಮೊದಲ ನೆಲೆಗೆ ನಡೆದುಹೋಗಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. ನಾಲ್ಕನೆಯ ಕೆಟ್ಟ ಎಸೆತವಾದ ಮಾತ್ರಕ್ಕೆ ಚೆಂಡು ನಿರ್ಜೀವವಾಗುವುದಿಲ್ಲ. ಮೊದಲ ನೆಲೆ ಬ್ಯಾಟುಗಾರನ ಹಕ್ಕು. ಅದರಾಚೆಗೆ ಓಡಿದರೆ ಲಾಭವೂ ಅವನದೇ, ಅಪಾಯವೂ ಅವನದೇ. ಆದರೆ ಚೆಂಡು ಬ್ಯಾಟನ್ನು ಸವರಿ, ಕ್ಯಾಚರನ ಕೈಗೂ ಸಿಕ್ಕದೆ ಹಿಂದಕ್ಕೆ ಹೋಗಿದ್ದರೆ ಅದು ‘ಫೌಲ್’. ಆಗ ಚೆಂಡು ನಿರ್ಜೀವ, ಓಟಕ್ಕೆ ಅರ್ಥವೇ ಇಲ್ಲ. ಅಂಥ ಸಂದರ್ಭಗಳಲ್ಲಿ ಅಂಪೈರರು ಸೊಂಟದ ಚೀಲದಿಂದ ಹೊಸ ಚೆಂಡೊಂದನ್ನು ತೆಗೆದು ಕೊಡುತ್ತಾರೆ. ಪಂದ್ಯವೊಂದರಲ್ಲಿ ಮತ್ತೆ ಮತ್ತೆ ನಡೆಯುವ, ಕೈಗೆ ರೂಢಿಯಾಗಿಹೋದ ಕೆಲಸವದು.

ಅಂದು ಆಡುತ್ತಿದ್ದವರು ಆತಿಥೇಯ ಷಿಕಾಗೋ ಕಬ್ಸ್ ಮತ್ತು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಗಳು. ರಿಗ್ಲಿ ಮೈದಾನಕ್ಕೆ 1988ರವರೆಗೂ ವಿದ್ಯುದ್ದೀಪಗಳೇ ಇರಲಿಲ್ಲ. ಅಲ್ಲಿ ನಡೆಯುತ್ತಿದ್ದುದೆಲ್ಲ ಹಗಲಿನ ಆಟ. ಆದ್ದರಿಂದ ಆ ದಿನ ನಡೆದದ್ದಕ್ಕೆ ಮಬ್ಬುಗತ್ತಲೆಯ ನೆಪ ಹೇಳುವಂತಿಲ್ಲ. ಎಲ್ಲವೂ ಹಾಡಹಗಲಲ್ಲಿ, ಎಲ್ಲರ ಕಣ್ಣೆದುರಿಗೇ ನಡೆಯಿತು.

ನಾಲ್ಕನೆಯ ಸರದಿಯಲ್ಲಿ ಬ್ಯಾಟು ಹಿಡಿದು ನಿಂತವರು ಕಾರ್ಡಿನಲ್ಸ್ ತಂಡದ ಸ್ಟ್ಯಾನ್ ಮ್ಯೂಸಿಯಲ್. ಅಮೆರಿಕದ ಆಟದ ಚರಿತ್ರೆಯಲ್ಲಿ ಬಹು ದೊಡ್ಡ ಹೆಸರು ಅವರದು. ಏಳು ಸಲ ತಮ್ಮ ಲೀಗಿನ ಶ್ರೇಷ್ಠ ಬ್ಯಾಟುಗಾರರೆನಿಸಿದ್ದವರು. ಹಿಂದಿನ ವರ್ಷ, 1958ರ ಮೇ 13ರಂದು, ಇದೇ ಮೈದಾನದಲ್ಲಿ, ಇದೇ ಕಬ್ಸ್ ತಂಡದ ಎದುರಿಗೆ ತಮ್ಮ ಮೂರು ಸಾವಿರದ ಯಶಸ್ವಿ ಹೊಡೆತವನ್ನು ಹೊಡೆದಿದ್ದರು. ಈಗ ಅವರಿಗೆ 38 ವರ್ಷ. ಎಸೆಯುತ್ತಿದ್ದವರು ಬಾಬ್ ಆಂಡರ್ಸನ್. ಕ್ಯಾಚರ್ ಸ್ಯಾಮಿ ಟೇಲರ್. ಎರಡನೆಯ ನೆಲೆಯನ್ನು ಕಾಯುತ್ತಿದ್ದವರು ಇನ್ನೊಬ್ಬ ಟೇಲರ್, ಕ್ಯೂಬಾ ದೇಶದಿಂದ ಬಂದ ಟೋನಿ ಟೇಲರ್. ವಿಧಿಯು ಎರಡು ಚೆಂಡುಗಳ ಆಟಕ್ಕೆ ಮುಂಚಿತವಾಗಿಯೇ ಇಬ್ಬರು ಟೇಲರರನ್ನು ಒದಗಿಸಿ ಇಟ್ಟಿತ್ತೋ ಏನೋ! ಮನೆನೆಲೆಯ ಹಿಂದೆ ತೀರ್ಪುಗಾರರಾಗಿ ನಿಂತಿದ್ದವರು ವಿಕ್ ಡೆಲ್ಮೋರ್.

ಮೂರು ಕೆಟ್ಟ ಎಸೆತಗಳಾಗಿದ್ದವು, ಒಂದು ಒಳ್ಳೆಯದು. ಆಂಡರ್ಸನ್ ಎಸೆದ ಮುಂದಿನ ಚೆಂಡು ದಿಕ್ಕು ತಪ್ಪಿತು. ಕ್ಯಾಚರ್ ಟೇಲರರ ಕೈಗೆ ಸಿಕ್ಕದೆ ಹಿಂದಿನ ತಡೆಗೋಡೆಯವರೆಗೆ ಉರುಳಿಹೋಯಿತು. ಡೆಲ್ಮೋರ್ ಅದನ್ನು ನಾಲ್ಕನೆಯ ಕೆಟ್ಟ ಎಸೆತವೆಂದು ಸಾರಿದರು. ಮ್ಯೂಸಿಯಲ್ ಮೊದಲ ನೆಲೆಯತ್ತ ಹೊರಟರು.

ಕ್ಯಾಚರ್ ಟೇಲರ್ ಚೆಂಡಿನ ಹಿಂದೆ ಓಡಬೇಕಾಗಿತ್ತು, ಓಡಲಿಲ್ಲ. ಅಂಪೈರರ ಕಡೆ ತಿರುಗಿ, ಚೆಂಡು ಬ್ಯಾಟನ್ನು ಸವರಿತ್ತು, ಇದು ಫೌಲ್ ಎಂದು ವಾದಕ್ಕೆ ನಿಂತರು. ಆಂಡರ್ಸನರೂ ಓಡಿಬಂದು ದನಿಗೂಡಿಸಿದರು. ಇತ್ತ ಮಾತಿನ ಜಗಳ ನಡೆಯುತ್ತಿದ್ದರೆ, ಅತ್ತ ಚೆಂಡು ಗೋಡೆಯ ಬುಡದಲ್ಲಿ ಅನಾಥವಾಗಿ ಬಿದ್ದಿತ್ತು. ಅದು ಇನ್ನೂ ಜೀವಂತ ಚೆಂಡು. ಮ್ಯೂಸಿಯಲ್ ಅನುಭವಿ, ಮೊದಲ ನೆಲೆಯಿಂದಲೇ ಈ ನೋಟವನ್ನು ಕಂಡು, ಎರಡನೆಯ ನೆಲೆಗೆ ಓಟ ಹೂಡಿದರು.

ಮೂರನೆಯ ನೆಲೆಯನ್ನು ಕಾಯುತ್ತಿದ್ದ ಆಲ್ವಿನ್ ಡಾರ್ಕ್ ಅವರಿಗೆ ಅಪಾಯದ ಅರಿವಾಯಿತು. ತಮ್ಮ ಜಾಗ ಬಿಟ್ಟು ತಡೆಗೋಡೆಯತ್ತ ಧಾವಿಸಿದರು. ಆದರೆ ಅಷ್ಟರಲ್ಲಿ ಬ್ಯಾಟುಗಳನ್ನು ಎತ್ತಿಕೊಡುವ ಹುಡುಗ, ಫೌಲ್ ಚೆಂಡುಗಳನ್ನು ಎತ್ತಿಡುವ ರೂಢಿಯಂತೆ, ಆ ಚೆಂಡನ್ನು ಎತ್ತಿ ಮೈದಾನದ ಪ್ರಕಟಣಕಾರ ಪ್ಯಾಟ್ ಪೈಪರ್ ಅವರತ್ತ ಎಸೆದಿದ್ದ. ಪೈಪರ್ 1916ರಿಂದ ಆ ತಂಡದ ಪಂದ್ಯಗಳಲ್ಲಿ ಆಟಗಾರರ ಹೆಸರು ಕೂಗುತ್ತಿದ್ದ ಹಿರಿಯರು. ಡಾರ್ಕ್ ಓಡಿ ಬರುತ್ತಿದ್ದುದನ್ನು ಕಂಡು ಅವರು ಆ ಚೆಂಡಿನ ಗೊಡವೆಗೆ ಹೋಗಲಿಲ್ಲ. ಡಾರ್ಕ್ ಅದನ್ನು ಎತ್ತಿಕೊಂಡು, ಎರಡನೆಯ ನೆಲೆಯ ಬಳಿಯಿದ್ದ ಎರ್ನಿ ಬ್ಯಾಂಕ್ಸ್ ಅವರತ್ತ ಬೀಸಿದರು.

ಇದೇ ಹೊತ್ತಿಗೆ ಡೆಲ್ಮೋರ್ ಅವರ ಕೈ ಸೊಂಟದ ಚೀಲಕ್ಕೆ ಹೋಯಿತು. ಎದುರಿಗೆ ಇಬ್ಬರು ವಾದಿಸುತ್ತಿದ್ದಾರೆ. ಕ್ಯಾಚರನ ಕೈಯಲ್ಲಿ ಚೆಂಡಿಲ್ಲ. ಚೆಂಡಿಲ್ಲದ ಕ್ಯಾಚರನಿಗೆ ಚೆಂಡು ಕೊಡುವುದು ನಾಲ್ಕು ವರ್ಷಗಳಿಂದ ಆ ಕೈ ದಿನವೂ ಮಾಡಿಕೊಂಡು ಬಂದ ಕೆಲಸ. ಅನ್ಯಮನಸ್ಕರಾಗಿ ಅವರು ಹೊಸ ಚೆಂಡೊಂದನ್ನು ತೆಗೆದು ಟೇಲರರಿಗೆ ಕೊಟ್ಟರು. ಮ್ಯೂಸಿಯಲ್ ಓಡುತ್ತಿರುವುದು ಆಂಡರ್ಸನರ ಕಣ್ಣಿಗೆ ಆಗ ಬಿತ್ತು. ಆ ಹೊಸ ಚೆಂಡನ್ನೇ ಕಸಿದುಕೊಂಡು ಎರಡನೆಯ ನೆಲೆಗೆ ಎಸೆದರು. ಅದು ಟೋನಿ ಟೇಲರರ ತಲೆಯ ಮೇಲೆ ಹಾರಿ ಹೊರ ಅಂಗಳಕ್ಕೆ ಹೋಯಿತು.

ಈಗ ಮೈದಾನದಲ್ಲಿ ಎರಡು ಚೆಂಡುಗಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬಂತೆ ಒಂದು ಇತ್ತ ಬರುತ್ತಿದೆ, ಇನ್ನೊಂದು ಅತ್ತ ಹೋಗುತ್ತಿದೆ. ಮ್ಯೂಸಿಯಲ್ ಕಂಡದ್ದು ತಲೆಯ ಮೇಲೆ ಹಾರಿಹೋದ ಚೆಂಡನ್ನು ಮಾತ್ರ. ಅನುಭವಿ ಓಟಗಾರ ಮಾಡಬೇಕಾದುದನ್ನೇ ಅವರು ಮಾಡಿದರು: ಮೂರನೆಯ ನೆಲೆಗೆ ಹೊರಟರು. ಕೆಲವೇ ಹೆಜ್ಜೆ ಹೋಗಿರಬೇಕು, ಎರ್ನಿ ಬ್ಯಾಂಕ್ಸ್ ಚೆಂಡು ಹಿಡಿದು ಎದುರಿಗೆ ನಿಂತು ಅವರನ್ನು ಮುಟ್ಟಿದರು. ಹಾರಿಹೋದ ಚೆಂಡು ಈ ಮನುಷ್ಯನ ಕೈಗೆ ಬಂದುದು ಹೇಗೆ?

ತೀರ್ಪುಗಾರರೆಲ್ಲ ಸೇರಿದರು. ಸುಮಾರು ಹತ್ತು ನಿಮಿಷ ಆಟ ನಿಂತಿತು. ಕೊನೆಗೆ ಕೊಟ್ಟ ತೀರ್ಪು ಇದು: ಬ್ಯಾಂಕ್ಸ್ ಮುಟ್ಟಿದ್ದು ಮೂಲ ಚೆಂಡಿನಿಂದ, ಆದ್ದರಿಂದ ಮ್ಯೂಸಿಯಲ್ ಔಟು. ಕಾರ್ಡಿನಲ್ಸ್ ತಂಡದ ವ್ಯವಸ್ಥಾಪಕ ಸಾಲಿ ಹೀಮಸ್ ಒಪ್ಪಲಿಲ್ಲ. ಪಂದ್ಯವನ್ನು ಪ್ರತಿಭಟನೆಯ ಮೇಲೆ ಆಡುತ್ತೇವೆಂದು ದಾಖಲೆ ಮಾಡಿಸಿದರು.

ಆ ಪ್ರತಿಭಟನೆಯಲ್ಲಿ ಹುರುಳಿಲ್ಲದಿರಲಿಲ್ಲ. ಅಂಪೈರರೇ ಹೊಸ ಚೆಂಡನ್ನು ಕೈಯಾರೆ ಕೊಟ್ಟ ಮೇಲೆ ಹಳೆಯದು ಜೀವಂತವಾಗಿ ಉಳಿಯುವುದು ಹೇಗೆ? ಆಟಗಾರನಲ್ಲದ ಹುಡುಗನೊಬ್ಬ ಅದನ್ನು ಎತ್ತಿ ಎಸೆದ ಮೇಲಂತೂ? ಅಂಥವರ ಮೈಗೆ ಚೆಂಡು ಅಕಸ್ಮಾತ್ತಾಗಿ ತಗುಲಿದರೆ ಆಟ ಮುಂದುವರಿಯಬೇಕು, ಅವರು ಬೇಕೆಂದೇ ಎತ್ತಿದರೆ ಆ ಕ್ಷಣವೇ ಚೆಂಡು ನಿರ್ಜೀವವಾಗಬೇಕು ಎಂದು ಇಂದಿನ ನಿಯಮಾವಳಿ ಹೇಳುತ್ತದೆ. ಆ ಅಳತೆಗೋಲಿನಿಂದ ಅಳೆದರೆ ಡಾರ್ಕ್ ಎಸೆದದ್ದೂ, ಬ್ಯಾಂಕ್ಸ್ ಮುಟ್ಟಿದ್ದೂ ಎಲ್ಲವೂ ಸತ್ತ ಚೆಂಡಿನ ಆಟವೇ. ಆದರೆ ಈ ವ್ಯಾಜ್ಯ ಮೇಲಿನ ನ್ಯಾಯಸ್ಥಾನಕ್ಕೆ ಹೋಗಲೇ ಇಲ್ಲ. ಅಂದಿನ ಪಂದ್ಯವನ್ನು ಕಾರ್ಡಿನಲ್ಸ್ 4–1ರಿಂದ ಗೆದ್ದುಬಿಟ್ಟಿತು, ಗೆದ್ದವರಿಗೆ ದೂರೇಕೆ? ಹೀಮಸ್ ಪ್ರತಿಭಟನೆಯನ್ನು ಹಿಂತೆಗೆದುಕೊಂಡರು. ಎರಡು ಚೆಂಡುಗಳಲ್ಲಿ ಯಾವುದು ನಿಜವಾದ ಚೆಂಡು ಎಂಬ ಪ್ರಶ್ನೆ ಲೀಗಿನ ಕಡತಕ್ಕೆ ಏರದೆ ಮೈದಾನದಲ್ಲಿಯೇ ಉಳಿಯಿತು.

ಈ ಗಲಿಬಿಲಿಯ ತಿರುಳು ಎಲ್ಲಿದೆ? ಡೆಲ್ಮೋರ್ ಅವರ ತೀರ್ಪು ತಪ್ಪಾಗಿತ್ತೆಂದು ಹೇಳಲು ಆಧಾರವಿಲ್ಲ. ಚೆಂಡು ಬ್ಯಾಟಿಗೆ ತಗುಲಲಿಲ್ಲ ಎಂದರು. ಆ ಮಾತಿಗೆ ಅಂಟಿಕೊಂಡೇ ನಿಂತರು. ಆದರೆ ಅವರ ಬಾಯಿ ಒಂದು ತೀರ್ಪು ಕೊಟ್ಟಿತು, ಕೈ ಇನ್ನೊಂದು ತೀರ್ಪು ಕೊಟ್ಟಿತು. ಬಾಯಿ ಹೇಳಿದ್ದು: ಇದು ಫೌಲ್ ಅಲ್ಲ, ಚೆಂಡು ಜೀವಂತವಾಗಿದೆ. ಹೊಸ ಚೆಂಡನ್ನು ಕೊಟ್ಟ ಕೈ ಹೇಳಿದ್ದು: ಹಳೆಯದರ ಆಟ ಮುಗಿಯಿತು. ವಾದಿಗಳ ಮಾತನ್ನು ಅಂಪೈರರ ಬುದ್ಧಿ ತಳ್ಳಿಹಾಕಿದರೂ ಅವರ ಅಭ್ಯಾಸ ಒಪ್ಪಿಕೊಂಡುಬಿಟ್ಟಿತು. ಅಧಿಕಾರದಲ್ಲಿರುವವನು ಬಾಯಿಂದ ಒಂದು, ಕೈಯಿಂದ ಒಂದು ಆಜ್ಞೆ ಕೊಟ್ಟರೆ, ಕೇಳುವವರು ತಮಗೆ ಕಂಡ ಆಜ್ಞೆಯನ್ನು ಪಾಲಿಸುತ್ತಾರೆ. ಡಾರ್ಕ್ ಬಾಯಿಯ ತೀರ್ಪನ್ನು ಪಾಲಿಸಿದರು, ಆಂಡರ್ಸನ್ ಕೈಯ ತೀರ್ಪನ್ನು ಪಾಲಿಸಿದರು. ಮ್ಯೂಸಿಯಲ್ ಎರಡರ ನಡುವೆ ಸಿಕ್ಕಿಬಿದ್ದರು.

ಅಂಪೈರರೊಬ್ಬರದೇ ತಪ್ಪೇ ಎಂದು ಕೇಳಿಕೊಂಡರೆ ಪಟ್ಟಿ ಬೆಳೆಯುತ್ತದೆ. ಚೆಂಡಿನ ಹಿಂದೆ ಓಡದೆ ವಾದಕ್ಕೆ ನಿಂತ ಕ್ಯಾಚರ್ ಇದ್ದಾರೆ. ಜೊತೆಗೂಡಿದ ಪಿಚರ್ ಇದ್ದಾರೆ. ಜೀವಂತ ಚೆಂಡನ್ನು ಎತ್ತಿದ ಹುಡುಗನಿದ್ದಾನೆ. ಆ ಚೆಂಡು ಎತ್ತಿದ ಕೂಡಲೇ ಆಟ ನಿಲ್ಲಿಸಬಹುದಾಗಿದ್ದ ಉಳಿದ ಅಂಪೈರರಿದ್ದಾರೆ. ಐದಾರು ಜನರ ಐದಾರು ಸಣ್ಣ ಅಜಾಗರೂಕತೆಗಳು ಒಂದರ ಮೇಲೊಂದು ಬಿದ್ದಾಗಲೇ ಇಂಥದೊಂದು ಘಟಿಸಬಲ್ಲುದು. ಆದರೆ ಜನರ ನೆನಪಿಗೆ ಐದಾರು ಜನ ಹೆಚ್ಚಾದರು. ಅದಕ್ಕೆ ಬೇಕಾದುದು ಒಂದೇ ಹೆಸರು.

ಈ ಮಾತಿಗೆ ಅದೇ ಕಬ್ಸ್ ತಂಡದ ಚರಿತ್ರೆಯಲ್ಲಿ, ಐವತ್ತೊಂದು ವರ್ಷಗಳ ಹಿಂದಿನ ಸಾಕ್ಷ್ಯವೊಂದಿದೆ. ಅಲ್ಲಿಯೂ ‘ಯಾವ ಚೆಂಡು?’ ಎಂಬ ಪ್ರಶ್ನೆಯೇ ಎದ್ದಿತ್ತು.

1908ರ ಸೆಪ್ಟೆಂಬರ್ 23. ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಮೈದಾನದಲ್ಲಿ ಕಬ್ಸ್ ಮತ್ತು ನ್ಯೂಯಾರ್ಕ್ ಜೈಂಟ್ಸ್ ತಂಡಗಳ ಪಂದ್ಯ. ಎರಡೂ ತಂಡಗಳು ಲೀಗಿನ ಪ್ರಶಸ್ತಿಗೆ ತುದಿಗಾಲಲ್ಲಿ ನಿಂತಿದ್ದವು. ಕೊನೆಯ ಸರದಿ, ಅಂಕ 1–1. ಜೈಂಟ್ಸ್ ತಂಡದ ಒಬ್ಬ ಓಟಗಾರ ಮೂರನೆಯ ನೆಲೆಯಲ್ಲಿದ್ದರು. ಮೊದಲ ನೆಲೆಯಲ್ಲಿದ್ದವರು ಹತ್ತೊಂಬತ್ತು ವರ್ಷದ ತರುಣ ಫ್ರೆಡ್ ಮರ್ಕಲ್. ಆಲ್ ಬ್ರಿಡ್‌ವೆಲ್ ಹೊಡೆದ ಚೆಂಡು ಹೊರ ಅಂಗಳಕ್ಕೆ ಹೋಯಿತು. ಮೂರನೆಯ ನೆಲೆಯವರು ಮನೆ ತಲುಪಿದರು. ಗೆದ್ದೆವೆಂದು ಜನ ಮೈದಾನಕ್ಕೆ ನುಗ್ಗಿದರು. ಮರ್ಕಲ್ ಎರಡನೆಯ ನೆಲೆಯನ್ನು ಮುಟ್ಟದೆ ಅರ್ಧದಾರಿಯಲ್ಲೇ ಬಿಡಾರದತ್ತ ತಿರುಗಿದರು. ಗೆಲುವಿನ ರನ್ನು ಬಂದಮೇಲೆ ಹೀಗೆ ಓಡಿಬಿಡುವುದು ಆ ಕಾಲದ ರೂಢಿ. ಆದರೆ ನಿಯಮದ ಪ್ರಕಾರ ಅವರು ಎರಡನೆಯ ನೆಲೆಯನ್ನು ಮುಟ್ಟಲೇಬೇಕು. ಮುಟ್ಟುವ ಮುನ್ನ ಎದುರಾಳಿ ಚೆಂಡಿನೊಡನೆ ಅಲ್ಲಿಗೆ ಬಂದರೆ ಮರ್ಕಲ್ ಔಟು, ಬಂದ ರನ್ನೂ ಇಲ್ಲ.

ಕಬ್ಸ್ ತಂಡದ ಜಾನಿ ಎವರ್ಸ್ ಈ ನಿಯಮವನ್ನು ಬಲ್ಲವರು. ಚೆಂಡಿಗಾಗಿ ಕೂಗಿದರು. ನಡುವೆ ಜೈಂಟ್ಸ್ ತಂಡದ ಜೋ ಮೆಕ್‌ಗಿನಿಟಿ ಚೆಂಡನ್ನು ಹಿಡಿದು ಜನರ ಗುಂಪಿಗೆ ಎಸೆದರೆಂದು ಹೇಳುತ್ತಾರೆ. ಆದರೂ ಕೊನೆಗೆ ಎವರ್ಸ್ ಕೈಯಲ್ಲಿ ಒಂದು ಚೆಂಡಿತ್ತು. ಅದು ಬ್ರಿಡ್‌ವೆಲ್ ಹೊಡೆದ ಚೆಂಡೋ, ಎಲ್ಲಿಂದಲೋ ಬಂದ ಬೇರೊಂದೋ ಎಂಬುದರಲ್ಲಿ ನೋಡಿದವರ ಸಾಕ್ಷ್ಯಗಳೇ ಒಂದಾಗುವುದಿಲ್ಲ. ಅಂದಿನ ಅಂಪೈರರು ಇಬ್ಬರು. ಬಾಬ್ ಎಮ್ಸ್ಲಿ ಚೆಂಡಿನಿಂದ ತಪ್ಪಿಸಿಕೊಳ್ಳುವಾಗ ನೆಲಕ್ಕೆ ಬಿದ್ದಿದ್ದರು, ತಾವು ಕಾಣಲಿಲ್ಲವೆಂದರು. ಇನ್ನೊಬ್ಬರು ಹ್ಯಾಂಕ್ ಓಡೇ. ಇವರಿಗೆ ಈ ಪ್ರಶ್ನೆ ಹೊಸದಲ್ಲ. ಅದೇ ಸೆಪ್ಟೆಂಬರ್ 4ರಂದು ಪಿಟ್ಸ್‌ಬರ್ಗಿನಲ್ಲಿ ಇದೇ ಎವರ್ಸ್ ಇದೇ ಬಗೆಯ ಮನವಿ ಮಾಡಿದಾಗ, ತಾವು ನೋಡಲಿಲ್ಲವೆಂದು ಓಡೇ ತಳ್ಳಿಹಾಕಿದ್ದರು. ಈ ಸಲ ಅವರು ಮರ್ಕಲ್ ಔಟೆಂದು ತೀರ್ಪಿತ್ತರು. ಸಾವಿರಾರು ಜನ ಮೈದಾನದಲ್ಲಿ ತುಂಬಿದ್ದರು, ಕತ್ತಲಾಗುತ್ತಿತ್ತು. ಪಂದ್ಯ ಸಮವೆಂದು ಮುಗಿಯಿತು.

ಲೀಗಿನ ಅಧ್ಯಕ್ಷ ಹ್ಯಾರಿ ಪುಲಿಯಮ್ ಈ ತೀರ್ಪನ್ನು ಎತ್ತಿಹಿಡಿದರು. ಋತುವಿನ ಕೊನೆಗೆ ಎರಡು ತಂಡಗಳೂ ಸಮನಾಗಿ ನಿಂತವು. ಅಕ್ಟೋಬರ್ 8ರಂದು ಮತ್ತೆ ಆಡಿಸಿದ ಪಂದ್ಯವನ್ನು ಕಬ್ಸ್ 4–2ರಿಂದ ಗೆದ್ದಿತು. ಆ ವರ್ಷದ ವಿಶ್ವ ಸರಣಿಯನ್ನೂ ಗೆದ್ದಿತು. ಅಲ್ಲಿಂದ ಮುಂದೆ ಆ ಪ್ರಶಸ್ತಿ ಮತ್ತೆ ಅವರ ಪಾಲಿಗೆ ಬಂದುದು 2016ರಲ್ಲಿ.

ಆದರೆ ಮರ್ಕಲ್? ಆ ಋತುವಿನಲ್ಲಿ, ಮರುಪಂದ್ಯವನ್ನು ಬಿಟ್ಟರೂ, ಜೈಂಟ್ಸ್ ಸೋತ ಪಂದ್ಯಗಳು 55. ಅವುಗಳಲ್ಲಿ ಯಾವುದೊಂದನ್ನು ಗೆದ್ದಿದ್ದರೂ ಪ್ರಶಸ್ತಿ ಅವರದೇ ಆಗುತ್ತಿತ್ತು. ಆ 55 ಸೋಲುಗಳನ್ನು ತಂದವರ ಹೆಸರು ಯಾರ ಬಾಯಲ್ಲೂ ಇಲ್ಲ. ತಂಡದ ವ್ಯವಸ್ಥಾಪಕ ಜಾನ್ ಮೆಕ್‌ಗ್ರಾ ತರುಣನನ್ನು ದೂರಲಿಲ್ಲ, ಕೈಬಿಡಲೂ ಇಲ್ಲ. ಮರ್ಕಲ್ ಮುಂದೆ ಎಷ್ಟೋ ವರ್ಷ ಒಳ್ಳೆಯ ಆಟವಾಡಿದರು. ಕೆಲವು ವರ್ಷ ಕಬ್ಸ್ ತಂಡಕ್ಕೂ ಆಡಿದರು. ಆದರೂ ‘ಮಂದಬುದ್ಧಿ’ ಎಂಬ ಅಡ್ಡಹೆಸರು 1956ರಲ್ಲಿ ಅವರು ತೀರಿಕೊಳ್ಳುವವರೆಗೂ ನೆರಳಿನಂತೆ ಹಿಂದೆ ಬಂತು. ತೀರ್ಪನ್ನು ಎತ್ತಿಹಿಡಿದ ಪುಲಿಯಮ್ ಅವರ ಮೇಲೆ ನ್ಯೂಯಾರ್ಕಿನ ಕೋಪವೆಲ್ಲ ಮಳೆಗರೆಯಿತು. ಅವರಿಗೆ ಬೇರೆ ಹೊರೆಗಳೂ ಇದ್ದವು, ಮನಸ್ಸು ಕುಗ್ಗಿಹೋಯಿತು. 1909ರ ಜುಲೈ ತಿಂಗಳಲ್ಲಿ ಅವರು ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡರು.

ಈ ಕಥೆಯ ಪಕ್ಕದಲ್ಲಿಟ್ಟು ನೋಡಿದರೆ 1959ರ ಪಂದ್ಯ ನಗೆಯ ಪ್ರಸಂಗದಂತೆ ಕಾಣುತ್ತದೆ. ಆ ವರ್ಷ ಲೀಗಿನ ಪ್ರಶಸ್ತಿ ಕಬ್ಸ್‌ಗೂ ಸಿಗಲಿಲ್ಲ, ಕಾರ್ಡಿನಲ್ಸ್‌ಗೂ ಸಿಗಲಿಲ್ಲ. ಅದು ಲಾಸ್ ಏಂಜಲಿಸ್ ಡಾಜರ್ಸ್ ಪಾಲಾಯಿತು. ಎರಡು ಚೆಂಡುಗಳ ಆಟದಿಂದ ಯಾವ ತಂಡದ ಭಾಗ್ಯವೂ ಬದಲಾಗಲಿಲ್ಲ. ಮ್ಯೂಸಿಯಲ್ 1963ರವರೆಗೆ ಆಡಿ, 3630 ಯಶಸ್ವಿ ಹೊಡೆತಗಳ ಕೀರ್ತಿಯೊಡನೆ ನಿವೃತ್ತರಾದರು. 2013ರಲ್ಲಿ ತೀರಿಕೊಂಡಾಗ ಒಂದು ನಾಡೇ ಅವರನ್ನು ನೆನೆಯಿತು. ಬ್ಯಾಂಕ್ಸ್ ಆ ವರ್ಷವೂ ಲೀಗಿನ ಅತ್ಯುತ್ತಮ ಆಟಗಾರರೆನಿಸಿದರು. ಡಾರ್ಕ್ ಮುಂದೆ ಹೆಸರಾಂತ ವ್ಯವಸ್ಥಾಪಕರಾದರು. ಪೈಪರ್ 1974ರವರೆಗೂ ತಮ್ಮ ಜಾಗದಲ್ಲಿ ಕುಳಿತು ಹೆಸರುಗಳನ್ನು ಕೂಗುತ್ತಲೇ ಇದ್ದರು. ಅವರೆಲ್ಲರ ಬಾಳಿನಲ್ಲಿ ಆ ಮಧ್ಯಾಹ್ನ ಹೇಳಿ ನಗುವ ಒಂದು ಕಥೆಯಾಯಿತು.

ನಗಲಾಗದವರು ಒಬ್ಬರೇ. 1959ರ ಋತು ಮುಗಿದಾಗ ಲೀಗು ವಿಕ್ ಡೆಲ್ಮೋರ್ ಅವರನ್ನು ಕೆಲಸದಿಂದ ಬಿಡಿಸಿತು. 1956ರಲ್ಲಿ ಆರಂಭವಾದ ಅವರ ಅಂಪೈರಿಕೆ ನಾಲ್ಕೇ ವರ್ಷಕ್ಕೆ ಮುಗಿಯಿತು. ಜನರ ನೆನಪು ಜೂನ್ 30ರ ಮಧ್ಯಾಹ್ನವನ್ನೂ ಈ ವಿದಾಯವನ್ನೂ ಒಂದೇ ದಾರದಲ್ಲಿ ಪೋಣಿಸಿ ಇಟ್ಟಿದೆ. ಮರುವರ್ಷ, 1960ರಲ್ಲಿ, ಐವತ್ತು ತುಂಬುವ ಮೊದಲೇ ಅವರು ತೀರಿಕೊಂಡರು.

ಆ ಕಾಲದಲ್ಲಿ ಒಂದೊಂದು ತಂಡವೂ ಋತುವಿಗೆ 154 ಪಂದ್ಯಗಳನ್ನು ಆಡುತ್ತಿತ್ತು. ಮನೆನೆಲೆಯ ಹಿಂದೆ ನಿಂತ ಅಂಪೈರರು ಪಂದ್ಯವೊಂದರಲ್ಲಿ ಇನ್ನೂರಕ್ಕೂ ಹೆಚ್ಚು ಎಸೆತಗಳನ್ನು ಒಂದೊಂದಾಗಿ ತೂಗಿ ನೋಡಬೇಕು. ಬ್ಯಾಟುಗಾರ ಹತ್ತಕ್ಕೆ ಮೂರು ಸಲ ಗೆದ್ದರೆ ಅವನನ್ನು ಹೊತ್ತು ಮೆರೆಸುತ್ತಾರೆ. ಅಂಪೈರರಿಗೆ ಅಂಥ ರಿಯಾಯಿತಿಯಿಲ್ಲ. ಅವರು ಚೆನ್ನಾಗಿ ಕೆಲಸ ಮಾಡಿದ ದಿನ ಅವರ ಹೆಸರನ್ನು ಯಾರೂ ಎತ್ತುವುದಿಲ್ಲ. ನಾಲ್ಕು ವರ್ಷಗಳಲ್ಲಿ ಡೆಲ್ಮೋರ್ ಸೊಂಟದ ಚೀಲದಿಂದ ತೆಗೆದು ಕೊಟ್ಟ ಚೆಂಡುಗಳು ಸಾವಿರಾರು ಇದ್ದಾವು. ಕೊಡಬೇಕಾದಾಗಲೇ ಕೊಟ್ಟ ಆ ಚೆಂಡುಗಳ ಲೆಕ್ಕ ಎಲ್ಲಿಯೂ ಇಲ್ಲ. ಕೊಡಬಾರದಾಗ ಕೊಟ್ಟ ಒಂದು ಚೆಂಡಿನಿಂದಲೇ ಅವರ ಹೆಸರು ಇಂದಿಗೂ ಉಳಿದಿದೆ.